ನನ್ನ ನೌಕರಿಯ ಹೆಗ್ಗಳಿಕೆ ಹೊಡೆದುಕೊಂಡ ಸ್ಫಟಿಕ ಮಣಿಗೆ

ಬಳ್ಳಾರಿ, ಜೂನ್ ೧೯೫೧

ದುಂಡಗೆ, ನುಣ್ಣಗೆ, ಸದಾ ಹೊಳೆಯುತ್ತಿರುವ ತಮ್ಮ ಸನ್ನಿಧಿಗೆ ತಲೆಬಾಗಿ ಮಾಡುವ ವಿಜ್ಞಾಪನೆ.

ಮಾನ್ಯರೇ,

ಸಿರುಗುಪ್ಪದಲ್ಲಿ ನನ್ನ ಸೋದರತ್ತೆ ಉಚ್ಚೆಂಗೆಮ್ಮನವರ ಪೆಟ್ಟಿಗೆಯೊಳಗೆ ತಾವು ಸುಖವಾಗಿದ್ದೀರೆಂದು ನಂಬಿದ್ದೇನೆ. ನಾನೂ ಕ್ಷೇಮ, ಆದರೆ ಆ ಕ್ಷೇಮವೆಲ್ಲ ತಮ್ಮ ಕೃಪೆಯೆಂದು ಬಂಧುಬಳಗವೆಲ್ಲ ಹೇಳುತ್ತಿರುವುದರಿಂದ ಈ ದೂರನ್ನು ನಾಲ್ಕು ಜನ ಓದುವಂತೆ ಬರೆಯಬೇಕಾಗಿದೆ.

ಕಳೆದ ತಿಂಗಳು ಕುರುಗೋಡಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಕೆಲಸಕ್ಕೆ ನನಗೆ ಸಂದರ್ಶನವಿತ್ತು. ಅದು ಸಿಗದಿದ್ದರೆ ಓದಿಗೆ ಮಂಗಳ ಹಾಡಿ ಮದುವೆ ಮಾಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹೆಸರು ಹೇಳಲೂ ಬೆವರುವ ನನ್ನ ಕೈಗೆ ಅತ್ತೆಯವರು ತಮ್ಮನ್ನಿಟ್ಟು, “ನಾಲಿಗಿ ಕೆಳಗ ಇಟ್ಕೋ ಜಂಬವ್ವ. ಸ್ಫಟಿಕ ತಂಪು. ಅಂಜಿಕಿ ಇಳಿತೈತಿ, ಮಾತು ಕಾಲುವಿ ನೀರಿನಂಗ ಹರೀತಾವ” ಎಂದರು. ಬಾಯಲ್ಲಿಟ್ಟರೂ ತಣ್ಣಗಿರುವುದೇ ನಿಜವಾದ ಸ್ಫಟಿಕದ ಲಕ್ಷಣವಂತೆ. ತಾವಾದರೋ ಬಸ್ಸು ಹೊರಡುವ ಮೊದಲೇ ಬೆಂದ ಕಡಲೆಯಂತೆ ಬೆಚ್ಚಗಾದಿರಿ. ಇಂಥ ಆತ್ಮೀಯತೆ ಯಾವ ರತ್ನದಲ್ಲಿದೆ?

ಶಾಲಾ ಸಮಿತಿಯ ಅಧ್ಯಕ್ಷ ತಿಪ್ಪೇರುದ್ರಪ್ಪನವರು ಹೆಸರು ಕೇಳಿದರು. ನಾನು ಬಾಯಿ ತೆರೆದೆ. ಹೆಸರಿಗಿಂತ ಮೊದಲು ತಾವು ಹೊರಬಂದು, ಮೇಜಿನ ಮೇಲೆ ಉರುಳಿ, ಅವರ ಮಸಿಕುಡಿಕೆಗೆ ಒರಗಿ ನಿಂತಿರಿ. ಅಧ್ಯಕ್ಷರು ತಮ್ಮನ್ನು ತಂಬಿಗೆಯ ನೀರಿನಲ್ಲಿ ಅದ್ದಿ, ಕೆನ್ನೆಗೆ ಒತ್ತಿಕೊಂಡು, “ಏನ್ ಥಂಡಗ ಐತ್ರೀ! ಖರೇ ಸ್ಫಟಿಕ!” ಎಂದು ಕಣ್ಣು ಮುಚ್ಚಿದರು. ಸದಸ್ಯ ಗಾದಿಲಿಂಗಪ್ಪನವರು ಕಸಿದುಕೊಂಡು, ಮತ್ತೆ ಅದ್ದಿ, ರೆಪ್ಪೆಗೆ ಒತ್ತಿ, “ನಮ್ಮವ್ವನ ಸರದಾಗೂ ಇಂಥವ ಇದ್ದವ್ರೀ” ಎಂದು ಕರಗಿಹೋದರು.

ನನಗೆ ತಡೆಯಲಾಗಲಿಲ್ಲ. “ನೀರಾಗ ಅದ್ದಿದ್ರ ಆಡೋ ಗೋಲಿನೂ ಥಂಡ ಆಗತೈತ್ರಿ!” ಎಂದುಬಿಟ್ಟೆ. ಆಮೇಲೆ ನಿಲ್ಲಲಿಲ್ಲ. ಕೌಲ್ ಬಜಾರಿನಲ್ಲಿ ಮಣಿ ಪೋಣಿಸುವವರ ಅಂಗಡಿಯೊಳಕ್ಕೆ ಹೋಗಲು ನಾಚಿ, ಹೊರಗೆ ದಿನಗಟ್ಟಲೆ ನಿಂತು ಕಂಡದ್ದನ್ನೆಲ್ಲ ಹೇಳಿದೆ: ಸ್ಫಟಿಕದೊಳಗೆ ಮಂಜಿನಂಥ ಎಳೆ, ಗಾಜಿನೊಳಗೆ ಗಾಳಿಯ ಗುಳ್ಳೆ. ತಮ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತಮ್ಮ ಹೊಟ್ಟೆಯೊಳಗಿನ ಮೂರು ಗುಳ್ಳೆಗಳನ್ನು ಒಬ್ಬೊಬ್ಬರಿಗೂ ತೋರಿಸಿದೆ. “ಇಷ್ಟು ಬಿಡಿಸಿ ಹೇಳ್ತಾಳಂದ್ರ ಹುಡುಗ್ಯಾರಿಗೆ ಇನ್ನೇನ್ ಬೇಕ್ರಿ?” ಎಂದು ಅಧ್ಯಕ್ಷರು ಅಲ್ಲೇ ಕೆಲಸ ಕೊಟ್ಟರು.

ಅತ್ತೆಯವರಿಗೆ ತಿಳಿಸಿದರೆ, “ಗಾಜಾದ್ರೇನ? ಮಾತು ಬಂತಿಲ್ಲೋ!” ಎಂದರು. ಈಗ ತಮ್ಮ ದರ್ಶನಕ್ಕೆ ತೊದಲುವ ಮದುಮಗ, ಮಾತಾಡದ ಗಿಳಿ, ಹತ್ತು ವರ್ಷದಿಂದ ಹೂಂ ಅನ್ನುವುದನ್ನು ಬಿಟ್ಟು ಬೇರೇನೂ ಹೇಳದ ಒಬ್ಬ ಗಂಡ, ಎಲ್ಲರೂ ಸಾಲುಗಟ್ಟಿದ್ದಾರೆ.

ಆದ್ದರಿಂದ ತಾವು ದಯಮಾಡಿ ಬಂಧುಬಳಗದೆದುರು ಹಾಜರಾಗಿ, ನಾನು ಮಾತಾಡುವಾಗ ತಾವು ನನ್ನ ಬಾಯಲ್ಲಿರಲಿಲ್ಲವೆಂದು ಸ್ವಂತ ಬಾಯಿಂದ ಸಾಕ್ಷಿ ನುಡಿಯಬೇಕು. ಸಂಕೋಚವಾದರೆ ತಮ್ಮ ನಾಲಿಗೆಯ ಕೆಳಗಿಡಲು ಅತ್ತೆಯವರು ಇನ್ನೊಂದು ಮಣಿಯನ್ನು ಹುಡುಕುತ್ತಿದ್ದಾರೆ.

ತಮ್ಮನ್ನು ಉಗುಳಿದ ಮೇಲೂ
ತಮ್ಮ ವಿಶ್ವಾಸಿ,
ಜಂಬಮ್ಮ, ಬಿ.ಎ.

ತಾ.ಕ.: ನೇಮಕದ ಪತ್ರ ಈಗ ಬಂತು. “ಮಣಿ ಸಮೇತ ಹಾಜರಾಗತಕ್ಕದ್ದು” ಎಂದು ಕೊನೆಗೆ ಬರೆದಿದ್ದಾರೆ. ಬರುವುದಾದರೆ ಬನ್ನಿ, ಆದರೆ ಈ ಸಲ ನನ್ನ ಬಾಯಲ್ಲಿ ಕೂತಲ್ಲ, ಬಸ್ಸಿನಲ್ಲಿ ಟಿಕೇಟು ತೆಗೆಸಿಕೊಂಡು.