ನಗು ಹಿಡಿಯುವ ಮೈಕಿನ ಕೆಳಗೆ ನನ್ನ ಹೆಂಡತಿ

ಹೆಂಡತಿಯ ಎದುರು ಬಾಯಿ ಬಿಡಲಾರದ ಗಂಡಂದಿರು ಊರ ತುಂಬ ಇದ್ದಾರೆ. ಆದರೆ ಆಡದೆ ಉಳಿದ ಮಾತುಗಳನ್ನೆಲ್ಲ ಕೂಡಿಟ್ಟು, ರಾಗ ಹಾಕಿ, ಟಿಕೆಟ್ ಇಟ್ಟು ಕಂಡವರ ಮುಂದೆ ಹಾಡುವಷ್ಟು ಪುಕ್ಕಲ ನಾನೊಬ್ಬನೇ ಇರಬೇಕು. ಶಿವಾಜಿನಗರದ ನನ್ನ ಗೆಳೆಯ ಅನ್ವರ್ ಕೀಬೋರ್ಡ್ ನುಡಿಸುತ್ತಾನೆ, ನಾನು ಗಂಡ ಹೆಂಡಿರ ತಕರಾರಿನ ಹಾಡು ಹೇಳುತ್ತೇನೆ. ಮನೆಯಲ್ಲಿ ಅಭ್ಯಾಸವೆಲ್ಲ ಬಚ್ಚಲಲ್ಲಿ. ನಲ್ಲಿ ಬಿಟ್ಟುಕೊಂಡು ಹಾಡಿದರೆ ಹೊರಗೆ ಕೇಳಿಸುವುದಿಲ್ಲವೆಂದು ನಂಬಿದ್ದೆ. ನನ್ನ ಹೆಂಡತಿ ಸುನಂದಾ ಒಂದು ಕಾರ್ಯಕ್ರಮಕ್ಕೂ ಬಂದವಳಲ್ಲ. ‘ಅದ್ಯಾವ ಹೆಂಡ್ತಿ ಮೇಲೆ ಹಾಡ್ತೀರಾ?’ ಎಂದರೆ ‘ಎಲ್ಲಾ ಕಲ್ಪನೆ ಕಣೇ’ ಎಂದು ಜಾರಿಕೊಳ್ಳುತ್ತಿದ್ದೆ.

ಹೀಗಿರುವಾಗ ಆಲ್ಬಮ್ ಮಾಡುವ ಹುಚ್ಚು ಹತ್ತಿತು. ನಗೆಹಾಡು ಎಂದಮೇಲೆ ಜನರ ನಗುವೂ ಅದರಲ್ಲಿ ಬೇಕಲ್ಲ! ಇಂದಿರಾನಗರದ ಒಂದು ಪುಟ್ಟ ಸಭಾಂಗಣದಲ್ಲಿ, ಭಾನುವಾರ ಮಧ್ಯಾಹ್ನ, ಜನರನ್ನು ಕೂರಿಸಿಕೊಂಡೇ ರೆಕಾರ್ಡಿಂಗ್ ಎಂದು ನಿಗದಿಯಾಯಿತು. ಪರದೆ ಸರಿಯಿತು. ಮೊದಲ ಸಾಲಿನ ನಟ್ಟನಡುವೆ, ರೇಷ್ಮೆ ಸೀರೆ ಉಟ್ಟು, ಸುನಂದಾ! ನಾನು ಅನ್ವರನ ಕಡೆ ತಿರುಗಿದೆ. ‘ಭಾಭೀನ ನಾನೇ ಕರ್ದೆ ಯಾರ್, ಸೀಟು ಖಾಲಿ ಇತ್ತು’ ಎಂದ ಅನ್ವರ್, ಏನೋ ಉಪಕಾರ ಮಾಡಿದವನ ಹಾಗೆ. ಜನರ ನಗು ಹಿಡಿಯಲು ಅವನು ಇಳಿಬಿಟ್ಟಿದ್ದ ಮೈಕು ನೇರ ಅವಳ ನೆತ್ತಿಯ ಮೇಲೆಯೇ ತೂಗುತ್ತಿತ್ತು.

ಮೊದಲ ಹಾಡಿಗೆ ಅವಳ ಪಕ್ಕದ ಹೆಂಗಸು ತೊಡೆ ತಟ್ಟಿಕೊಂಡು ನಕ್ಕಳು. ಸುನಂದಾ ನಗಲಿಲ್ಲ. ಎರಡನೆಯದಕ್ಕೆ ಕೈಕಟ್ಟಿ ಕೂತಳು. ಆಲ್ಬಮ್ ಹಾಳಾಗಿ ಹೋಗಲಿ, ಸಂಜೆ ಮನೆಗೆ ಹೋಗಬೇಕಲ್ಲ ಎಂಬುದೊಂದೇ ನನ್ನ ಚಿಂತೆ. ಮೂರನೆಯದೇ ಘಾತಕ ಹಾಡು: ನೆಂಟರ ಮುಂದೆ ಗಂಡ ಕಥೆ ಶುರು ಮಾಡಿದಾಗೆಲ್ಲ ಹೆಂಡತಿ ಅದರ ಕೊನೆಯನ್ನು ತಾನೇ ಹೇಳಿಬಿಡುತ್ತಾಳೆ. ನಮ್ಮ ಮನೆಯ ಕಥೆ, ಹೆಸರೊಂದು ಬಿಟ್ಟು. ಕೊನೆಯ ಚರಣಕ್ಕೆ ಬಂದೆ, ಅವಳ ಕಣ್ಣು ನೋಡಿದೆ, ಸಾಲು ಮರೆತೇಹೋಯಿತು. ಅನ್ವರ್ ಅದೇ ಸ್ವರಗಳನ್ನು ಮತ್ತೆ ಮತ್ತೆ ಬಾರಿಸಿ, ಕಡೆಗೆ ಕೈಯೆತ್ತಿದ.

ಆಗ, ಅಡುಗೆಮನೆಯಿಂದ ಕೂಗುವ ದನಿಯಲ್ಲೇ ಸುನಂದಾ ಹೇಳಿದಳು: ‘ನೆಂಟರು ಎದ್ದು ಹೋದರು, ನನ್ನ ಕಾಫಿ ಆರಿ ಹೋಯಿತು, ಅಂತ ಅಲ್ವೇನ್ರೀ? ದಿನಾ ಬಚ್ಚಲಲ್ಲಿ ಕೇಳ್ತೀನಿ.’ ನಗು ಏಳುವ ಮೊದಲೇ ಸೇರಿಸಿದಳು: ‘ಆದ್ರೆ ಅದು ಸುಳ್ಳು. ಆರಿದ ಕಾಫಿ ನಾನೇ ಬಿಸಿ ಮಾಡ್ಕೊಟ್ಟಿದ್ದೆ.’

ಸಭಾಂಗಣದ ಸೂರು ಹಾರಿಹೋಗುವ ಹಾಗೆ ಜನ ನಕ್ಕರು. ಕಾರ್ಯಕ್ರಮ ಮುಗಿದ ಮೇಲೆ, ಅವಳ ಮಾತು ತೆಗೆದುಹಾಕು, ಇನ್ನೊಮ್ಮೆ ಹಾಡಿಬಿಡುತ್ತೇನೆ ಎಂದು ಅನ್ವರನಿಗೆ ಗೋಗರೆದೆ. ‘ನಿನ್ ಹಾಡು ಯಾವಾಗ ಬೇಕಾದ್ರೂ ಹಾಡ್ಬೋದು ಮಗಾ. ಭಾಭಿ ಮಾತು ಮತ್ತೆ ಸಿಗುತ್ತಾ? ಆದ್ರೆ ಅವರನ್ನ ಕೇಳ್ದೆ ಹಾಕಲ್ಲ. ನೀನೇ ಕೇಳು’ ಎಂದ.

ಕೇಳುವ ಧೈರ್ಯ ಯಾರಿಗಿದೆ? ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಆಟೋ ಇಳಿದು ಅವಳು ಮೆಂತ್ಯ ಸೊಪ್ಪು ಆರಿಸುತ್ತಾ, ನನ್ನ ಮುಖ ನೋಡದೆ ಕೇಳಿದಳು: ‘ಅಷ್ಟು ಹಾಡಲ್ಲಿ ಹೆಂಡ್ತಿ ಒಂದ್ಸಲಾನಾದ್ರೂ ಬಾಯಿ ಬಿಟ್ಟಿದಾಳಾ? ಅವಳ ಮಾತನ್ನೂ ಗಂಡನೇ ಆಡ್ತಾನೆ.’ ನನಗೆ ನಿಜಕ್ಕೂ ನಾಚಿಕೆಯಾಯಿತು. ‘ಕಥೆ ಮಧ್ಯೆ ಬಾಯಿ ಹಾಕೋದು ನಾನಾ, ನೀವಾ?’ ಎಂದು ಸೊಪ್ಪಿನ ಕಟ್ಟನ್ನು ನನ್ನ ಕೈಗಿಟ್ಟಳು. ‘ನನ್ನ ಮಾತು ಹಾಗೇ ಇರ್ಲಿ ಅಂತ ಅನ್ವರ್ ಭಾಯಿಗೆ ಹೇಳಿ.’

ಹಾಗೇ ಇದೆ. ಆಲ್ಬಮ್ ಕೇಳಿದವರೆಲ್ಲ ಆ ಹೆಂಗಸು ಯಾರೆಂದು ವಿಚಾರಿಸುತ್ತಾರೆ, ಹಾಡಿದವನನ್ನು ಯಾರೂ ಕೇಳುವುದಿಲ್ಲ. ಮನೆಗೆ ನೆಂಟರು ಬಂದರೆ ನಾನು ಈಗಲೂ ಉತ್ಸಾಹದಿಂದ ಕಥೆ ಶುರು ಮಾಡುತ್ತೇನೆ. ಸುನಂದಾ ಮಾತ್ರ ಈಗ ನಡುವೆ ಬಾಯಿ ಹಾಕುವುದಿಲ್ಲ. ಕೈಕಟ್ಟಿ ಕೂತು, ‘ಹೇಳಿ, ನಿಮ್ಮ ಕಥೆ ತಾನೇ’ ಎನ್ನುತ್ತಾಳೆ. ಇಷ್ಟು ವರ್ಷ ಕೊನೆಗಳನ್ನೆಲ್ಲ ಅವಳಿಗೆ ಬಿಟ್ಟಿದ್ದ ನನಗೆ ಅವು ಒಂದೂ ನೆನಪಿಲ್ಲ. ನೆಂಟರು ಕಾಯುತ್ತಾರೆ, ನಾನು ಅವಳ ಮುಖ ನೋಡುತ್ತೇನೆ, ಕಾಫಿ ಆರುತ್ತದೆ.