ದೇವರ ಮುಂದಿದ್ದ ಬಿರಡೆ

ಕುಕ್ಕರಿನ ಗ್ಯಾಸ್ಕೆಟ್ಟನ್ನು ಸ್ವಂತ ಕೈಯಿಂದ ಬದಲಾಯಿಸಿದ ಗಂಡಸಿಗೆ ಒಂದು ದೋಣಿ ತೊಳೆಯುವುದು ಯಾವ ಮಹಾ ಕೆಲಸ? ಹೀಗೆಂದು ನಾನು ತುಂಬಿದ ಸಭೆಯಲ್ಲಿ, ಅಂದರೆ ನನ್ನ ಹೆಂಡತಿ ಗಿರಿಜಾ ಮತ್ತು ಅವಳ ಅಣ್ಣನ ಎದುರಿಗೆ, ಘೋಷಿಸಿದೆ.

ಅವಳ ಅಣ್ಣನನ್ನು ನಾನು ಭಾವ ಅಂತಲೇ ಕರೆಯುತ್ತಿದ್ದದ್ದು. ಮಂಡಕಳ್ಳಿಯಾಚೆಯ ಕೆರೆಯೊಂದರಲ್ಲಿ ಇಪ್ಪತ್ತು ವರ್ಷ ಎಂಜಿನ್ ದೋಣಿ ಇಟ್ಟುಕೊಂಡು ಜನರನ್ನು ಸುತ್ತಾಡಿಸಿದವರು. ಒಂಟಿ ಜೀವ. ಕಾಯಿಲೆ ಬಿದ್ದ ಮೇಲೆ ರಾಮಕೃಷ್ಣನಗರದ ನಮ್ಮ ಮನೆಗೇ ಬಂದರು. ಹಿಂದೆಯೇ ಟ್ರೈಲರಿನ ಮೇಲೆ ದೋಣಿಯೂ ಬಂತು. ನಮ್ಮ ಕಾರು ಬೀದಿಗೆ ಬಿತ್ತು! ಎರಡು ವರ್ಷ ದೋಣಿ ಟಾರ್ಪಾಲಿನ ಕೆಳಗೆ, ಭಾವ ಕಂಬಳಿಯ ಕೆಳಗೆ. ಆ ಸಲ ದಸರಾ ಹೊತ್ತಿಗೆ ಡಾಕ್ಟರು, "ಇನ್ನು ಅವರಿಗೆ ಇಷ್ಟವಾದದ್ದು ಮಾಡಿಕೊಡಿ" ಅಂದುಬಿಟ್ಟರು. ಆ ಮಾತಿನ ಅರ್ಥ ನಮಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು.

"ಏನಿಷ್ಟ ಭಾವ?" ಎಂದು ಕೇಳಿದೆ.

"ಪ್ರತಿ ಆಯುಧಪೂಜೆಗೂ ದೋಣಿ ತೊಳ್ದು, ಪೂಜೆ ಮಾಡಿ, ನೀರಿಗಿಳಿಸ್ತಿದ್ದೆ ಕಣಯ್ಯ. ಕೆರೆ ಮಧ್ಯಕ್ಕೋಗಿ ಎಂಜಿನ್ ಆಫ್ ಮಾಡ್ಬುಟ್ಟು ಕಾಲು ಗಂಟೆ ಸುಮ್ನೆ ಕೂತ್ಕೊಳ್ಳೋದು. ಅದೊಂದ್ಸಲ ಆಗ್ಬುಟ್ರೆ ಸಾಕು."

ಕಾಲು ಗಂಟೆ! ಹೊರಟು ನಿಂತ ಮನುಷ್ಯ ಕೇಳಿದ್ದು ಅಷ್ಟೇ. ನಾನು ಪಂಚೆ ಎತ್ತಿ ಕಟ್ಟಿದೆ.

ಹಬ್ಬದ ಹಿಂದಿನ ದಿನ ಎಂಜಿನ್ ಗೂಡಿನ ಮುಚ್ಚಳ ತೆಗೆದೆ. ತಕ್ಷಣ ಮುಚ್ಚಿದೆ. ಮೂಗಿಗೆ ಟವೆಲ್ ಕಟ್ಟಿಕೊಂಡು ಮತ್ತೆ ತೆಗೆದೆ. ದೋಣಿಯ ಹೊಟ್ಟೆಯಲ್ಲಿ, ಎಂಜಿನ್ನಿನ ಕೆಳಗೆ, ಎರಡು ವರ್ಷದ ಮಳೆನೀರು, ಡೀಸೆಲ್ಲು, ಗ್ರೀಸು, ಹೊಂಗೆ ಎಲೆ ಎಲ್ಲ ಸೇರಿ ಕಪ್ಪು ಅಂಬಲಿಯಾಗಿತ್ತು. ಅದರಲ್ಲಿ ಕಪ್ಪೆಯೊಂದು ಸಂಸಾರಸಮೇತ ವಾಸವಾಗಿತ್ತು.

"ಹಿಂದ್ಗಡೆ ತಳದಲ್ಲಿ ತೂತಿಗೆ ಹಿತ್ತಾಳೆ ಬಿರಡೆ ಹಾಕಿದ್ದೀನಿ. ತಿರುಗಿಸಿ ತೆಗಿ, ಎಲ್ಲಾ ಹರ್ಕೊಂಡೋಯ್ತದೆ" ಎಂದರು ಭಾವ ಕಿಟಕಿಯಿಂದ. "ಮೊದ್ಲು ಬಕೀಟು ಇಡು."

ನಾನು ಮೊದಲು ಬಿರಡೆ ತೆಗೆದೆ. ಆಮೇಲೆ ಬಕೀಟು ಹುಡುಕಿದೆ!

ಅಂಬಲಿ ಗೇಟು ದಾಟಿ ಪಕ್ಕದ ಮನೆ ಲಲಿತಮ್ಮನವರ ರಂಗೋಲಿಗೆ ನುಗ್ಗಿತು.

"ಏನ್ರೀ ಇದು! ನಾಳೆ ಹಬ್ಬ ಇಟ್ಕೊಂಡು ನಮ್ಮನೆ ಮುಂದೆ ಕರೀ ಹೊಳೆ ಹರಿಸ್ಬುಟ್ರಲ್ಲ!"

"ಇದು ತಾತ್ಕಾಲಿಕ ವ್ಯವಸ್ಥೆ" ಎಂದು ಸಮಾಧಾನ ಹೇಳಿದೆ. ಆ ಕಲೆ ಇವತ್ತಿಗೂ ಇದೆ.

ನಂತರ ಸೋಪಿನ ಪುಡಿ. ಪೊಟ್ಟಣದ ಮೇಲೆ ಒಂದು ಚಮಚ ಅಂತಿತ್ತು. ಚಮಚ ಯಾರು ತರುತ್ತಾರೆಂದು ಪೊಟ್ಟಣವನ್ನೇ ಸುರಿದೆ. ತಲೆಕೆಳಗಾಗಿ ಗೂಡಿನೊಳಗೆ ಇಳಿದು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆ ಮೂಲೆ ಉಜ್ಜಿದೆ. ಎಂಜಿನ್ನಿಗೂ ಅಭ್ಯಂಜನವಾಯಿತು. ಕೆಲಸ ಮುಗಿದರೂ ನಾನು ಮಾತ್ರ ಹೊರಗೆ ಬರಲಿಲ್ಲ. ಹೊಟ್ಟೆ ಸಿಕ್ಕಿಕೊಂಡಿತ್ತು. ಗಿರಿಜಾ ಒಂದು ಕಾಲು, ಲಲಿತಮ್ಮ ಒಂದು ಕಾಲು ಹಿಡಿದು ಎಳೆದರು. ಲಲಿತಮ್ಮ ಸ್ವಲ್ಪ ಜೋರಾಗಿಯೇ ಎಳೆದರು.

ಕೊನೆಗೆ ಗಿರಿಜಾ ಆ ಬಿರಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿಕೊಟ್ಟಳು. ಏನು ಹೊಳಪು! ಮಾರನೆಯ ಬೆಳಿಗ್ಗೆ ಸ್ಪ್ಯಾನರು, ಸ್ಕ್ರೂಡ್ರೈವರು, ಈಳಿಗೆಮಣೆಗಳ ಸಾಲಿನಲ್ಲಿ ನಾನೇ ಅದನ್ನೂ ಇಟ್ಟು ಕುಂಕುಮ ಹಚ್ಚಿದೆ. ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟಬಾರದು. ಈ ವಿಷಯದಲ್ಲಿ ನಮ್ಮದು ಬಲು ಕಟ್ಟುನಿಟ್ಟಿನ ಮನೆ. ತರಕಾರಿಯನ್ನೂ ಹಿಂದಿನ ದಿನವೇ ಹೆಚ್ಚಿಡುತ್ತೇವೆ.

ದೋಣಿಗೆ ಚೆಂಡುಹೂವಿನ ಹಾರ, ಬಾಳೆಕಂದು. ಬೂದುಗುಂಬಳ ಒಡೆದೆ. ಟ್ರೈಲರಿನ ಚಕ್ರಗಳಿಗೆ ನಿಂಬೆಹಣ್ಣು ಇಟ್ಟೆ. ಶಾಸ್ತ್ರದಲ್ಲಿ ಒಂದೇ ಒಂದು ಲೋಪವಿರಲಿಲ್ಲ.

ಕೆರೆಯಲ್ಲಿ ಭಾವನನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ದೋಣಿಯೊಳಗೆ ಇಳಿಸಿದೆವು.

"ಎಲ್ಲಾ ಸರಿಯಾಗಿ ನೋಡ್ದೇನಯ್ಯ?"

"ಎಲ್ಲಾ ಭಾವ!"

ಎಂಜಿನ್ ಒಂದೇ ಏಟಿಗೆ ಶುರುವಾಯಿತು. ಭಾವ ಚುಕ್ಕಾಣಿ ಹಿಡಿದರು. ಎರಡು ವರ್ಷದಲ್ಲಿ ಅವರ ಮುಖದಲ್ಲಿ ಅಂಥ ಕಳೆ ನಾನು ನೋಡಿರಲಿಲ್ಲ. ಪುಣ್ಯದ ಕೆಲಸ ಮಾಡಿಬಿಟ್ಟೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

"ಕಾಲು ತಣ್ಣಗಾಯ್ತದಲ್ಲಯ್ಯ" ಎಂದರು ಭಾವ.

"ನಿನ್ನೆ ತೊಳೆದ ನೀರು ಭಾವ. ಇನ್ನೂ ಆರಿಲ್ಲ."

ತೊಳೆದ ನೀರು ಪಾದ ಮುಚ್ಚಿತು. ಆಮೇಲೆ ಮೊಣಕಾಲಿಗೆ ಬಂತು. ಜೊತೆಗೆ ಎಂಜಿನ್ ಗೂಡಿನ ಸಂದುಗಳಿಂದ ಬೆಳ್ಳನೆಯ ನೊರೆ ಉಕ್ಕತೊಡಗಿತು. ಇಡೀ ಪೊಟ್ಟಣದ ನೊರೆ!

"ರೀ, ದೋಣಿ ಉಕ್ತಾ ಇದೆ ಕಣ್ರೀ!" ಎಂದು ಗಿರಿಜಾ ಕೂಗಿದಳು.

ಭಾವ ನನ್ನನ್ನು ನಿಧಾನವಾಗಿ ನೋಡಿದರು. "ಬಿರಡೆ ಎಲ್ಲಯ್ಯ?"

"ಭದ್ರವಾಗಿದೆ ಭಾವ" ಎಂದೆ. "ದೇವರ ಮುಂದಿದೆ."

ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಮೀನು ಹಿಡಿಯುತ್ತಿದ್ದ ಇಬ್ಬರು ತೆಪ್ಪ ತಂದು, ಬಿರಡೆಯ ಕಥೆಯನ್ನೆಲ್ಲ ಕೇಳಿಕೊಂಡು, ಹಗ್ಗ ಕಟ್ಟಿ, ನಮ್ಮನ್ನು ದಡಕ್ಕೆ ಎಳೆದರು. ಕೆರೆಯ ಮಧ್ಯ ಇನ್ನೂ ದೂರವೇ ಇತ್ತು. ಭಾವ ಸೊಂಟದವರೆಗೆ ನೀರಿನಲ್ಲಿ, ಮಡಿಲಲ್ಲಿ ನೊರೆ ತುಂಬಿಕೊಂಡು, ಸುತ್ತ ಚೆಂಡುಹೂವು ತೇಲುತ್ತಿರಲು ಕೂತಿದ್ದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರು ಬೈಯಲಿಲ್ಲ.

"ಬುಡು, ಮುಂದಿನ್ ವರ್ಷ ನೋಡನ" ಎಂದರು.

ನಾನು ಮುಖ ತಿರುಗಿಸಿಕೊಂಡು ಅತ್ತೆ.

ಕಾರ್ತಿಕ ಮಾಸದಲ್ಲಿ ಭಾವ ಹೋದರು. ಅಸ್ಥಿಯನ್ನು ಕಾವೇರಿಯಲ್ಲಿ ಬಿಟ್ಟೆವು. ಗಿರಿಜಾ ಒಂದು ಹಿಡಿ ಬೂದಿ ಮಾತ್ರ ತೆಗೆದಿಟ್ಟಿದ್ದಳು. ಮೆಕ್ಯಾನಿಕ್ ಕರೆಸಿ ಎಂಜಿನ್ ಸರಿಮಾಡಿಸಿ ಅದೇ ಕೆರೆಗೆ ಹೋದೆವು. ಬಿರಡೆಯನ್ನು ನಾನು ಮೂರು ಸಲ ಬಿಗಿಮಾಡಿದೆ. ನಾಲ್ಕನೆಯ ಸಲ, ನನ್ನನ್ನು ನಂಬದೆ, ಗಿರಿಜಾ ಬಿಗಿಮಾಡಿದಳು. ಕೆರೆಯ ಮಧ್ಯಕ್ಕೆ ಹೋಗಿ ಎಂಜಿನ್ ಆಫ್ ಮಾಡಿದೆ. ಏನು ಮೌನ! ಅವಳು ಬೂದಿಯನ್ನು ನೀರಿಗೆ ಬಿಟ್ಟಳು. ಗಡಿಯಾರ ನೋಡಿಕೊಂಡು ಸರಿಯಾಗಿ ಕಾಲು ಗಂಟೆ ಕೂತೆವು.

ಆಮೇಲೆ ಕೀಲಿ ತಿರುಗಿಸಿದೆ. ಮೌನ ಮುಂದುವರಿಯಿತು.

ನಾನು ಎಂಜಿನ್ನಿಗೆ ಮಾಡಿಸಿದ ಅಭ್ಯಂಜನದ ನೀರು ವೈರುಗಳಿಗೆಲ್ಲ ತುಕ್ಕು ಹಿಡಿಸಿತ್ತೆಂದು ಮೆಕ್ಯಾನಿಕ್ ಆಮೇಲೆ ಹೇಳಿದ. ಮೊದಲ ಗಂಟೆ ಗಿರಿಜಾ ಅಣ್ಣನಿಗಾಗಿ ಅತ್ತಳು. ಎರಡನೆಯ ಗಂಟೆ ನನ್ನನ್ನು ಬೈದಳು. ಮೂರನೆಯ ಗಂಟೆ ಇಬ್ಬರೂ ಸುಮ್ಮನೆ ಕೂತೆವು. ಕಾಲು ಗಂಟೆ ಕೇಳಿದ ಭಾವನಿಗೆ ನಾನು ಮೂರು ಗಂಟೆ ಕೊಟ್ಟಿದ್ದೆ.

ಸಂಜೆ ಅದೇ ಇಬ್ಬರು ತೆಪ್ಪದವರು ಬಂದರು. ಹಗ್ಗ ಕಟ್ಟುತ್ತಾ ಒಬ್ಬ ಕೇಳಿದ, "ಇವತ್ತೂ ಬಿರಡೆ ದೇವ್ರು ಮುಂದೆ ಮಡಗ್ಬುಟ್ಟು ಬಂದ್ರಾ ಸ್ವಾಮಿ?"

"ಇಲ್ಲಪ್ಪ, ಹಾಕಿದ್ದೀನಿ" ಎಂದೆ ಹೆಮ್ಮೆಯಿಂದ. ಆ ದೋಣಿಗೆ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಅದನ್ನು ನೋಡಲು ಭಾವ ಇರಲಿಲ್ಲ.