ನಾಲ್ಕು ಡಿಗ್ರಿಯಲ್ಲಿ ಒಂದು ಕೌದಿ

ದಾಂಡೇಲಿಯ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸುವವನೂ ನಾನೇ, ಶವ ಇಡುವ ಫ್ರಿಜ್ ನೋಡಿಕೊಳ್ಳುವವನೂ ನಾನೇ. ಅಂಥ ಜಾಗದಲ್ಲಿ ನಗು ಎಲ್ಲಿಂದ ಬರಬೇಕು ಅನ್ನುತ್ತೀರಿ. ಕರೆಯದಿದ್ದರೂ ಬರುತ್ತದೆ. ಆಮೇಲೆ ಮನೆಯಲ್ಲಿ ಊಟಕ್ಕೆ ಕೂತಾಗ ಅಳು ಬರುತ್ತದೆ.

೧. ಹೊಸ ಫ್ರಿಜ್

ಫ್ರಿಜ್ ಬಂದ ವಾರ, ಕಟ್ಟಿಗೆ ಡಿಪೋದಲ್ಲಿ ದುಡಿದು ನಿವೃತ್ತನಾಗಿದ್ದ ಅಜ್ಜನೊಬ್ಬ ಸಕ್ಕರೆ ಪರೀಕ್ಷೆಗೆ ಬಂದಿದ್ದ. ಮೇ ತಿಂಗಳಲ್ಲೂ ಸ್ವೆಟರ್ ಬಿಚ್ಚದ ಆಸಾಮಿ. ಫ್ರಿಜ್ಜಿನೊಳಗೆ ಇಣುಕಿ ಕೇಳಿದ, “ಎಷ್ಟ ಉದ್ದ ಐತ್ರಿ ಇದು?”

“ಏಳು ಅಡಿ.”

“ನನಗ ಬರೋಬ್ಬರಿ ಆತು. ಒಳಗ ಥಂಡಿ ಎಷ್ಟ?”

“ನಾಲ್ಕು ಡಿಗ್ರಿ, ಅಜ್ಜಾ.”

“ಅಯ್ಯ, ನಾ ಒಲ್ಲೆಪ್ಪಾ! ಅಷ್ಟ ಥಂಡ್ಯಾಗ ಮಲಗಿದ್ರ ಸತ್ತ ಹೋಗ್ತೇನಿ!”

೨. ಅಭಿಪ್ರಾಯ ಪುಸ್ತಕ

ಲ್ಯಾಬಿಗೂ ಶವಾಗಾರಕ್ಕೂ ಮಾನ್ಯತೆ ಬೇಕೆಂದು ನಮ್ಮ ಡಾಕ್ಟರು ಅರ್ಜಿ ಹಾಕಿದರು. ತಪಾಸಣೆಯ ನಿಯಮಗಳ ಪಟ್ಟಿ ಬಂತು. ಹೊತ್ತುಹೊತ್ತಿಗೆ ಉಷ್ಣಾಂಶ ಬರೆದಿಡಬೇಕು, ಫ್ರಿಜ್ಜಿನೊಳಗೆ ಹೊರಗಿನ ಬಟ್ಟೆ ಇರಕೂಡದು, ಪ್ರತಿ ಯಂತ್ರಕ್ಕೂ ಬಳಸಿದವರ ಅಭಿಪ್ರಾಯ ಪುಸ್ತಕ ಇರಬೇಕು.

“ಫ್ರಿಜ್ಜಿಂದು ಏನ್ ಮಾಡೂಣ್ರಿ?” ಅಂದೆ.

“ಖಾಲಿ ಬಿಡಬ್ಯಾಡ. ಖರೇ ಇದ್ದದ್ದ ಬರಿ” ಅಂದರು ಡಾಕ್ಟರು.

ಬರೆದೆ: “ಒಳಗೆ ಮಲಗಿದವರಿಂದ ಈವರೆಗೆ ಯಾವ ದೂರೂ ಬಂದಿಲ್ಲ.”

೩. ಕೌದಿ

ತಪಾಸಣೆಯ ಹಿಂದಿನ ದಿನ ಅದೇ ಅಜ್ಜ ತೀರಿಕೊಂಡ. ದುಬೈಯಿಂದ ಮಗಳು ಬರುವವರೆಗೆ, ಎರಡು ದಿನ, ನಮ್ಮ ಫ್ರಿಜ್ಜಿನಲ್ಲೇ ಇಡಬೇಕಿತ್ತು. ಅವನ ಹೆಂಡತಿ ಹಳೇ ಸೀರೆಗಳಿಂದ ತಾನೇ ಹೊಲಿದ ಕೌದಿ ತಂದು ನಿಂತಳು.

“ಹೊಚ್ಚಿಬಿಡ್ರಿ. ಅವಗ ಥಂಡಿ ಆಗಿಬರೂದಿಲ್ಲ.”

“ನಿಯಮದಾಗ ಬರೂದಿಲ್ಲ ಅಮ್ಮಾ. ನಾಳೆ ಸಾಹೇಬ್ರು ಬರ್ತಾರ. ನೋಡಿದ್ರ ಮಾನ್ಯತೆ ಹೋಗ್ತೈತಿ.”

ಅವಳು ಜಗಳಾಡಲಿಲ್ಲ. ಕೌದಿ ಮಡಿಲಲ್ಲಿಟ್ಟುಕೊಂಡು ಸಂಜೆವರೆಗೂ ಬೆಂಚಿನ ಮೇಲೆ ಕೂತಳು. ನನ್ನಿಂದ ನೋಡಲಾಗಲಿಲ್ಲ. ಹೊದಿಸಿದೆ. ತಪಾಸಣೆಗೆ ಮೊದಲು ತೆಗೆದರಾಯಿತು ಅಂದುಕೊಂಡೆ. ಮರುದಿನ ಅಧಿಕಾರಿ ಹೇಳಿದ ಹೊತ್ತಿಗಿಂತ ಒಂದು ತಾಸು ಮೊದಲೇ ಬಂದು, ನೇರವಾಗಿ ಫ್ರಿಜ್ಜಿನ ಟ್ರೇ ಎಳೆದರು.

“ಇದು ಯಾರದು?”

ನನ್ನ ಹಿಂದಿನಿಂದ ಅಜ್ಜನ ಹೆಂಡತಿಯೇ ಮುಂದೆ ಬಂದಳು. “ನಂದ್ರಿ. ಮಗಳು ಬರೂತನಕ ಇರಲ್ರಿ.”

ಅಧಿಕಾರಿ ಬರೆಯಲು ತೆಗೆದಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಸರಿದಿದ್ದ ಕೌದಿಯನ್ನು ತಾವೇ ಅಜ್ಜನ ಕುತ್ತಿಗೆವರೆಗೆ ಎಳೆದು ಹೊದಿಸಿದರು.

ಅವಳಿಗೆ ನಗು ಬಂತು. ಕಣ್ಣಲ್ಲಿ ನೀರಿತ್ತು.

“ಲಗ್ನ ಆದಾಗಿಂದ ಪೂರಾ ಕೌದಿ ತಾನ ಎಳಕೋತಿದ್ದ ಸಾಹೇಬ್ರ. ದಿನಾ ಬೈತಿದ್ದೆ. ಇವತ್ತ ಪೂರಾ ಅವಗ ಬಿಟ್ಟೇನಿ, ನೋಡ್ರಿ, ಎಳಕೊಳ್ಳವಲ್ಲ.”